ನಿಮ್ಮಂಥವರಿಗೆ ಬರುವ ರೋಗವಲ್ಲ

ನನಗೆ ಕ್ಷಯರೋಗ ಆಗಿತ್ತು. ಇಷ್ಟು ಬರೆಯಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಈ ನಡುವೆ ಅದಕ್ಕೆ ಬಂದ ಹೆಸರುಗಳು ಹಲವು: ಧೂಳಿನ ಕೆಮ್ಮು, ನಿಶ್ಶಕ್ತಿ, ಅಲರ್ಜಿ, ಕೊನೆಗೆ ಟೈಫಾಯ್ಡ್. ಹೆಸರಿಡುವುದರಲ್ಲಿ ನನಗೆ ನೆರವಾದ ಖಾಸಗಿ ಡಾಕ್ಟರುಗಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಸನ್ಮಾನ ಮಾಡಬೇಕು. ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆಯರು ಸಹ ಇಷ್ಟು ಉತ್ಸಾಹದಿಂದ ಹೆಸರಿಡುವುದಿಲ್ಲ.

ನಾನು ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ವಾಡಿಯಲ್ಲಿ, ಶಾಲೆ ದಂಡೋತಿಯ ಆಚೆಗಿನ ಒಂದು ಹಳ್ಳಿಯಲ್ಲಿ. ನನ್ನದು ನಲಿ-ಕಲಿ ಕೋಣೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ನನ್ನ ಸುತ್ತ ಕೂಡುತ್ತಾರೆ. ಅಕ್ಷರ ತಿದ್ದಿಸುವಾಗ ಮಗುವಿನ ತಲೆ ನನ್ನ ಗಲ್ಲಕ್ಕೆ ತಾಗುತ್ತದೆ, ಅಷ್ಟು ಹತ್ತಿರ. ಮೊದಲೇ ಹೇಳಿಬಿಡುತ್ತೇನೆ, ನಾನು ಈಗ ಗುಣವಾಗಿದ್ದೇನೆ. ನಾನು ಉಳಿಯುತ್ತೇನೋ ಇಲ್ಲವೋ ಎಂದು ಓದುವವರು ಗಾಬರಿಯಾಗುವುದು ಬೇಡ. ಆ ಕೋಣೆಯಲ್ಲಿ ಕೂತು ನಾನು ನಾಲ್ಕು ತಿಂಗಳು ಕೆಮ್ಮಿದೆ. ಅದು ಯಾವ ಮಗುವಿನ ಎದೆಗೆ ಹೋಯಿತು ಎಂಬುದೇ ನನ್ನನ್ನು ಇವತ್ತಿಗೂ ಕಾಡುವ ಮಾತು.

ಕೆಮ್ಮು ಶುರುವಾದದ್ದು ದಸರೆ ರಜೆಯ ಕೊನೆಯಲ್ಲಿ. ವಾಡಿಯಲ್ಲಿ ಕೆಮ್ಮು ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಒಣಹಾಕಿದ ಬಟ್ಟೆ ಝಾಡಿಸಿದರೆ ಬೂದಿ ಬಣ್ಣದ ಪುಡಿ ಉದುರುವ ಊರಿದು. ನಮ್ಮ ಯಜಮಾನರು ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ವಿಭಾಗದಲ್ಲಿದ್ದಾರೆ. ಪಾಳಿ ಮುಗಿಸಿ ಬಂದವರು ಮೊದಲು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಕಡೆಯ ರೂಢಿ. ಬೆಲ್ಲ ಗಂಟಲಿನ ಧೂಳನ್ನು ಎಳೆದುಕೊಂಡು ಹೊಟ್ಟೆಗೆ ಇಳಿಯುತ್ತದಂತೆ.

"ಧೂಳ ಅದ, ಮತ್ತೇನಿಲ್ಲ. ಬೆಲ್ಲ ತಿನ್ನು, ಇಳದು ಹೋಗ್ತದ," ಎಂದರು ಅವರು.

ನಾನು ತಿಂದೆ. ಮೂರು ವಾರ ತಿಂದೆ. ಕಾರ್ಖಾನೆಯ ಗೇಟಿನೊಳಗೆ ಒಂದು ದಿನವೂ ಕಾಲಿಡದ ನನಗೆ ಧೂಳಿನ ಕೆಮ್ಮು ಬರುವುದಾದರೆ, ಇಪ್ಪತ್ತು ವರ್ಷ ಅದರೊಳಗೇ ಇರುವ ಅವರಿಗೆ ಏಕಿಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸ ಸಡಿಲಾಗತೊಡಗಿತು. ಸಹೋದ್ಯೋಗಿಗಳು "ಏನ್ರೀ ಟೀಚರ್, ಡಯಟ್ ಮಾಡ್ಲಿಕತ್ತೀರೇನು? ಛಲೋ ಕಾಣಸ್ತೀರಿ" ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಯಿತು.

ಸರಕಾರಿ ದವಾಖಾನೆಯ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಇದರಲ್ಲಿ ಒಂದು ತಮಾಷೆ ಇದೆ. ಪ್ರತಿ ಬೇಸಿಗೆಯಲ್ಲಿ ನಾವು ಶಿಕ್ಷಕರು ದಾಖಲಾತಿಗಾಗಿ ಮನೆಮನೆ ತಿರುಗುತ್ತೇವೆ. "ಸರಕಾರಿದಂದ್ರ ಕಮ್ಮಿ ಅಂತ ಯಾಕ ತಿಳೀತೀರಿ? ಕಲಿತವರು ಅದೀವಿ, ಪರೀಕ್ಷಾ ಪಾಸ್ ಆಗಿ ಬಂದೀವಿ. ಕಾನ್ವೆಂಟಿನ ಟೈ ನೋಡಿ ಮರುಳಾಗಬ್ಯಾಡ್ರಿ" ಎಂದು ನಾನು ಗಂಟಲು ಹರಿದುಕೊಂಡು ಭಾಷಣ ಮಾಡುತ್ತೇನೆ. ಅದೇ ಗಂಟಲು ಕೆಟ್ಟಾಗ ಪರೀಕ್ಷೆ ಪಾಸಾಗಿ ಬಂದ ಸರಕಾರಿ ಡಾಕ್ಟರು ನನಗೆ ಬೇಡವಾದರು. ಚೀಟಿಯ ಸಾಲಿನಲ್ಲಿ ನಮ್ಮ ಮಕ್ಕಳ ತಂದೆ-ತಾಯಿಯರ ಹಿಂದೆ ನಿಂತುಕೊಳ್ಳುವುದೇ? ಟೀಚರ್ ಆಗಿ?

ಹಾಗಾಗಿ ಮೊದಲು ಹೋದದ್ದು ಶಹಾಬಾದಿನ ಒಂದು ಖಾಸಗಿ ಕ್ಲಿನಿಕ್ಕಿಗೆ. ಬೋರ್ಡಿನ ಮೇಲೆ ಡಾಕ್ಟರ ಹೆಸರಿಗಿಂತ ಡಿಗ್ರಿಗಳೇ ಉದ್ದ. ಒಳಗೆ ಗಾಜಿನ ತೊಟ್ಟಿಯಲ್ಲಿ ನಾಲ್ಕು ಬಂಗಾರದ ಬಣ್ಣದ ಮೀನು, ಗೋಡೆಯ ಮೇಲೆ ಸದ್ದಿಲ್ಲದ ಟೀವಿ. ಎಸಿ ಇತ್ತು. ಅದರ ತಂಪಿಗೆ ನನ್ನ ಕೆಮ್ಮು ದುಪ್ಪಟ್ಟಾಗುತ್ತಿತ್ತು, ಆದರೂ ಎಸಿ ಇದೆಯಲ್ಲ ಎಂಬ ಸಮಾಧಾನ. ಎರಡು ತಾಸು ಕಾದೆ. ಟೈ ಕಟ್ಟಿದ ಔಷಧ ಕಂಪನಿಯ ಇಬ್ಬರು ಬಂದು, ಜ್ವರದಿಂದ ನರಳುತ್ತಿದ್ದ ಒಬ್ಬ ಮುದುಕಿಯ ಕಾಲು ದಾಟಿಕೊಂಡು ಎಲ್ಲರಿಗಿಂತ ಮೊದಲು ಒಳಗೆ ಹೋದರು. ಒಳಗಿನಿಂದ ನಗು ಕೇಳಿಸುತ್ತಿತ್ತು.

ನನ್ನ ಸರದಿ ಬಂದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಎಲ್ಲಿ ನೌಕರಿ ಮಾಡ್ತೀರಿ ಮೇಡಂ?"

"ಸರಕಾರಿ ಸಾಲ್ಯಾಗ ಟೀಚರ್ ಇದ್ದೀನ್ರಿ."

"ಓಹೋ, ಭಾಳ ಛಲೋ."

ನನ್ನ ಕೆಮ್ಮಿಗೂ ನೌಕರಿಗೂ ಏನು ನಂಟು ಎಂದು ಪರೀಕ್ಷೆಗಳ ಚೀಟಿ ಕೈಗೆ ಬಂದ ಮೇಲೆ ತಿಳಿಯಿತು. ಸಕ್ಕರೆ, ಥೈರಾಯ್ಡ್, ಕೊಲೆಸ್ಟ್ರಾಲ್, ಮೂತ್ರ, ಹೊಟ್ಟೆಯ ಸ್ಕ್ಯಾನ್. ಕಫ ಒಂದನ್ನು ಬಿಟ್ಟು ನನ್ನ ಮೈಯಿಂದ ತೆಗೆಯಬಹುದಾದ ಎಲ್ಲವನ್ನೂ ತೆಗೆದರು. ಎಲ್ಲ ಸರಿಯಾಗಿದೆ, ನಿಶ್ಶಕ್ತಿ ಮಾತ್ರ ಎಂದು ಹೇಳಿ ಒಳಕೋಣೆಯಲ್ಲಿ ಮಲಗಿಸಿ ಸಲಾಯಿನ್ ಹಚ್ಚಿದರು. ನಮ್ಮ ಕಡೆ ಸಲಾಯಿನ್ ಹಚ್ಚದ ಡಾಕ್ಟರನ್ನು ಡಾಕ್ಟರೆಂದು ಯಾರೂ ಒಪ್ಪುವುದಿಲ್ಲ. ಉಪ್ಪುನೀರು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ಪಕ್ಕದ ಮಂಚದ ಹೆಂಗಸು "ಜೀವ ಬಂದಂಗಾಯ್ತು ನೋಡ್ರಿ" ಎಂದಳು. ನನಗೂ ಬಂದಂತೆ ಅನಿಸಿತು. ಹೀಗೆ ಒಂದು ತಿಂಗಳಲ್ಲಿ ನಾಲ್ಕು ಸಲ ಜೀವ ಬಂತು. ಕೆಮ್ಮು ಹೋಗಲಿಲ್ಲ.

ಆಮೇಲೆ ಸೇಡಂ ಕಡೆಯಿಂದ ಬರುವ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿ ಒಬ್ಬ ಡಾಕ್ಟರ ಹೆಸರು ಹೇಳಿದರು. ಕೈಗುಣ ಒಳ್ಳೆಯದಂತೆ. ಅವರು ಹಗಲು ಸರಕಾರಿ ದವಾಖಾನೆಯಲ್ಲಿರುತ್ತಾರೆ, ಸಂಜೆ ತಮ್ಮದೇ ಕ್ಲಿನಿಕ್ಕಿನಲ್ಲಿ ಕೂಡುತ್ತಾರೆ. "ಹಗಲಿ ಹೋಗಬ್ಯಾಡ್ರಿ, ಅಲ್ಲಿ ಮಂದಿ ಭಾಳ. ಸಂಜಿ ಹೋಗ್ರಿ, ಸರಿಯಾಗಿ ನೋಡ್ತಾರ," ಎಂದರು. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಆ ಡಾಕ್ಟರನ್ನು ಸಂಜೆಯ ಡಾಕ್ಟರು ಎಂದಷ್ಟೇ ಕರೆಯುತ್ತೇನೆ, ಅವರ ನಿಜವಾದ ಬದುಕು ಸಂಜೆಯೇ ಶುರುವಾಗುತ್ತಿತ್ತು.

ಸಂಜೆಯ ಡಾಕ್ಟರು ಮಾತಿನಲ್ಲಿ ಬೆಣ್ಣೆ. ಎದ್ದುನಿಂತು ನಮಸ್ಕಾರ ಮಾಡಿದರು. ತಮ್ಮ ಮಗಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಹೆಮ್ಮೆಯಿಂದ ದುಃಖಪಟ್ಟರು. ಎದೆಯ ಎಕ್ಸ್‌ರೇ ತೆಗೆಸಿದರು. ಆ ಫಿಲ್ಮನ್ನು ಕಿಟಕಿಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಯಾವುದೋ ಪ್ಲಾಟಿನ ಮೂಲೆ ಅಳತೆ ಮಾತಾಡುತ್ತಿದ್ದರು. ಮಾತು ಮುಗಿದಾಗ ಫಿಲ್ಮ್ ನೋಡಿದ್ದೂ ಮುಗಿದಿತ್ತು.

"ಸ್ವಲ್ಪ ಕಫ ಅದ. ಅಲರ್ಜಿ. ಚಾಕ್‌ಪೀಸಿನ ಪುಡಿ."

ನಾನು ಓದಿದವಳು. ತಿಂಗಳುಗಟ್ಟಲೆ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದೆಲ್ಲ ಯಾವ ರೋಗದ ಗುರುತೆಂದು ನಮ್ಮ ಶಾಲೆಯ ಗೋಡೆಯ ಮೇಲೇ ಬರೆಸಿದ್ದಾರೆ. ಧೈರ್ಯ ಮಾಡಿ ಕೇಳಿದೆ. "ಡಾಕ್ಟ್ರೇ, ಟೀಬೀ ಇರಬಹುದೇನ್ರಿ?"

ಅವರು ನಕ್ಕರು. "ಏನ್ ಮೇಡಂ! ಅದು ಫರ್ಸಿ ಖಣಿಯವರಿಗೆ, ಗುಡಸಲದಾಗ ಇರೋ ಮಂದಿಗೆ ಬರೋದು. ನಿಮ್ಮಂಥವರಿಗೆ ಬರೋ ರೋಗ ಅಲ್ಲ ಅದು. ಟೆನ್ಶನ್ ತಗೋಬ್ಯಾಡ್ರಿ."

ಆ ಮಾತು ಕೇಳಿ ನನಗಾದ ಸಮಾಧಾನವನ್ನು ಹೇಗೆ ಬರೆಯಲಿ! ನಾನು ಅಲ್ಲಿಗೆ ಹೋದದ್ದೇ ಆ ಮಾತಿಗಾಗಿ ಎಂದು ಈಗ ಅನಿಸುತ್ತದೆ. ಔಷಧ ಎಲ್ಲ ಕಡೆ ಸಿಗುತ್ತದೆ. 'ನಿಮ್ಮಂಥವರು' ಎಂಬುದು ಅಲ್ಲಿ ಮಾತ್ರ ಸಿಗುತ್ತಿತ್ತು. ಅದರ ಜೊತೆಗೆ ಒಂದು ಸೂಜಿ ಮಾಡಿದರು. ಅದರಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾಲ್ಕು ದಿನ ನಾನು ಹುಡುಗಿಯಂತೆ ಓಡಾಡಿದೆ. ಜೋಳದ ರೊಟ್ಟಿ ಮೂರು ತಿಂದೆ. ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಅವರ ಕೈಗುಣ ಹೊಗಳಿದೆ. ಐದನೆಯ ದಿನ ಕೆಮ್ಮು ಮೊದಲಿಗಿಂತ ಜೋರಾಗಿ ಬಂತು, ನಾನು ಮತ್ತೆ ಸೂಜಿಗೆ ಹೋದೆ. ಹೀಗೆ ಎರಡು ತಿಂಗಳು ನಡೆಯಿತು.

ಶರಣಮ್ಮ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವಳ ಗಂಡ ಶಹಾಬಾದಿನ ಫರ್ಸಿ ಖಣಿಯಲ್ಲಿ ನೆಲಹಾಸು ಕಲ್ಲು ಒಡೆಯುತ್ತಿದ್ದವನು. ಮಗಳು ಭಾಗ್ಯ ನನ್ನ ಕೋಣೆಯಲ್ಲೇ, ಎರಡನೆಯ ತರಗತಿ. 'ಳ' ಬರೆಯಲು ಬಾರದೆ ದಿನಾ ನನ್ನ ತೊಡೆಯ ಹತ್ತಿರ ಬಂದು ಕೂತು ಕೈ ಹಿಡಿಸಿಕೊಂಡು ಬರೆಯುತ್ತಿದ್ದ ಹುಡುಗಿ. ಒಂದು ದಿನ ಊಟದ ಬಿಡುವಿನಲ್ಲಿ ನಾನು ಗೋಡೆ ಹಿಡಿದು ಕೆಮ್ಮುತ್ತಿದ್ದಾಗ ಶರಣಮ್ಮ ನೀರು ತಂದುಕೊಟ್ಟಳು. ಕೊಟ್ಟ ಮೇಲೂ ಅಲ್ಲೇ ನಿಂತಳು.

"ಟೀಚರ್ರೀ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಕೆಮ್ಮು ನಾ ಗುರ್ತು ಹಿಡೀತೀನ್ರಿ. ನಮ್ ಮನ್ಯಾಗ ಇತ್ತು. ನಮ್ಮವರು ಆರ್ ತಿಂಗಳು ಸರಕಾರಿ ದವಾಖಾನಿ ಗುಳಿಗಿ ತಗೊಂಡ್ರು, ಆರಾಮ್ ಆದ್ರು. ನೀವೂ ಒಮ್ಮಿ ಕಫ ತೋರಸ್ರಿ."

ನನಗೆ ಮೈಯೆಲ್ಲ ಉರಿಯಿತು. "ನಿನ್ನ ಗಂಡನ ರೋಗ ನನಗ್ಯಾಕ ಹಚ್ಚತಿ? ನಾ ದೊಡ್ಡ ಡಾಕ್ಟರಿಗೆ ತೋರಸ್ಲಿಕತ್ತೀನಿ. ಅನ್ನ ಹೊತ್ತತಾದ ನೋಡ್ ಹೋಗು," ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹೋದಳು. ಆ ದಿನದಿಂದ ಇನ್ನೂ ಐದು ವಾರ ನಾನು ಸಂಜೆಯ ಡಾಕ್ಟರ ಹತ್ತಿರ ಹೋದೆ, ಇನ್ನೂ ಐದು ವಾರ ಭಾಗ್ಯಳ ಕೈ ಹಿಡಿದು 'ಳ' ತಿದ್ದಿಸಿದೆ.

ಸಂಕ್ರಾಂತಿಯ ನಂತರದ ವಾರ ತರಗತಿಯಲ್ಲಿ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಬಂತು. ಮಕ್ಕಳು ನೋಡುವ ಮೊದಲೇ ಮುಷ್ಟಿ ಮುಚ್ಚಿಕೊಂಡು ಅಡುಗೆಕೋಣೆಗೆ ಹೋದೆ. ಶರಣಮ್ಮ ಒಮ್ಮೆ ನನ್ನ ಮುಷ್ಟಿ ನೋಡಿದಳು, ಒಮ್ಮೆ ಮುಖ ನೋಡಿದಳು. ಸೌಟನ್ನು ಸಹಾಯಕಿಯ ಕೈಗೆ ಕೊಟ್ಟು, "ನಡ್ರಿ" ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಆಟೋದಲ್ಲಿ ಹತ್ತು ಜನರ ನಡುವೆ ಅವಳು ನನ್ನನ್ನು ಅಂಚಿಗೆ ಕೂಡಿಸಿ, ಗಾಳಿಗೆ ಮುಖ ಮಾಡಲು ಹೇಳಿ, ನನ್ನ ಸೆರಗನ್ನು ತಾನೇ ಮೂಗಿನ ಮೇಲೆ ಎಳೆದಳು.

ಸರಕಾರಿ ದವಾಖಾನೆಯಲ್ಲಿ ಮೀನಿರಲಿಲ್ಲ. ಫರ್ಸಿ ಕಲ್ಲಿನ ಕಟ್ಟೆ ಇತ್ತು, ಅದರ ಮೇಲೆ ಜಾಗ ಇರಲಿಲ್ಲ. ತೊಗರಿ ಕಟಾವಿನಿಂದ ನೇರವಾಗಿ ಬಂದು ಅಲ್ಲಿ ಕೂತಿದ್ದ ಒಬ್ಬ ಹೆಂಗಸು ನನ್ನ ಕೆಮ್ಮು ಕೇಳಿ ಸರಿದಳು. ಹೆದರಿ ದೂರ ಸರಿದಳೆಂದು ತಿಳಿದು ನಾನು ಅವಮಾನಪಟ್ಟೆ. ಆಮೇಲೆ ಅವಳು ಕಲ್ಲನ್ನು ಕೈಯಿಂದ ಝಾಡಿಸಿ "ಕುಂದರ್ರಿ ಅಕ್ಕಾ" ಎಂದಳು. ಖಾಸಗಿ ಕ್ಲಿನಿಕ್ಕಿನ ಮೆತ್ತನೆಯ ಕುರ್ಚಿಯಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಸಾಲು ಕರಗಿ ನನ್ನ ಸರದಿ ಬಂತು. ಮೇಜಿನ ಆಚೆ ಕೂತಿದ್ದವರು ಸಂಜೆಯ ಡಾಕ್ಟರು.

ಅವರು ತಲೆ ಎತ್ತಲಿಲ್ಲ. ಮೂಗಿನ ಮೇಲೆ ಸೆರಗು, ಪಕ್ಕದಲ್ಲಿ ಸವೆದ ಸೀರೆಯ ಶರಣಮ್ಮ. ನಾನು ಅವರಿಗೆ ಆ ದಿನದ ಅರವತ್ತನೆಯದೋ ಎಪ್ಪತ್ತನೆಯದೋ ಕೆಮ್ಮು.

"ಎಷ್ಟ ದಿನ ಆಯ್ತು?"

ಶರಣಮ್ಮನೇ ಹೇಳಿದಳು, "ನಾಕ್ ತಿಂಗಳ್ರಿ ಸಾಹೇಬ್ರ. ಇವತ್ತ ರಕ್ತ ಬಂದದ."

"ಕಫ ಪರೀಕ್ಷಾ. ಆ ಕಡಿ ಕೋಣಿ. ಮುಂದಿನವರು ಬರ್ರಿ."

ಅಷ್ಟೇ. ಚೀಟಿಯ ಮೇಲೆ ಒಂದು ಸಾಲು ಗೀಚಿದರು. ಎರಡು ತಿಂಗಳು ಸಂಜೆ ಸಂಜೆ ನನ್ನನ್ನು ಕೂಡಿಸಿಕೊಂಡು ಮಾತಾಡಿದ ಮನುಷ್ಯನಿಗೆ ಹೊಳೆಯದ ರೋಗ, ಮುಖ ನೋಡದೆಯೇ ಅರ್ಧ ನಿಮಿಷದಲ್ಲಿ ಹೊಳೆದಿತ್ತು. ಏಕೆಂದರೆ ಈ ಸಾಲಿನಲ್ಲಿ ನಿಂತವರಿಗೆ ಅದು ಬರಬಹುದು. ಆ ಮನುಷ್ಯನಿಗೆ ವಿದ್ಯೆ ಇರಲಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ವಿದ್ಯೆ ಬೆಳಗಿನ ಮೇಜಿನಲ್ಲಿ ಇತ್ತು, ಸಂಜೆ ಅದನ್ನು ಅಲ್ಲೇ ಬಿಟ್ಟು ನಗುವನ್ನು ಮಾತ್ರ ಹಾಕಿಕೊಂಡು ಬರುತ್ತಿದ್ದರು.

ನಾನು ಸೆರಗು ಇಳಿಸಿದೆ. "ಡಾಕ್ಟ್ರೇ, ನಾನು."

ಅವರ ಮುಖ ಬದಲಾಯಿತು. "ಅರೆ, ಮೇಡಂ! ಈ ಗದ್ದಲದಾಗ ನೀವ್ಯಾಕ ಬಂದ್ರಿ? ಅದು ಇರ್ಲಿ ಬಿಡ್ರಿ, ಸಂಜಿ ಬರ್ರಿ, ಆರಾಮಾಗಿ ನೋಡೋಣ." ಹಾಗೆನ್ನುತ್ತ ಕೈ ಚಾಚಿ ಆ ಚೀಟಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದರು.

ಶರಣಮ್ಮ ಚೀಟಿಯ ಮೇಲೆ ಅಂಗೈ ಇಟ್ಟಳು. ಬೆಳಗಿನಿಂದ ಸಾರಿಗೆ ಒಗ್ಗರಣೆ ಹಾಕಿದ ಅರಿಸಿನದ ಕೈ. "ಬರದದ್ದು ಬರದಾಗ್ಯದ್ರಿ ಸಾಹೇಬ್ರ," ಎಂದು ಚೀಟಿ ಎಳೆದುಕೊಂಡು ನನ್ನನ್ನು ಹೊರಗೆ ಕರೆದುಕೊಂಡು ಬಂದಳು.

ಕಫ ಪರೀಕ್ಷೆಯ ಕೋಣೆಯಲ್ಲಿದ್ದವರು ಖಾಜಾ ಸಾಬ್ ಎಂಬ ಹಿರಿಯರು. ಸಣ್ಣ ಡಬ್ಬಿ ಕೊಟ್ಟು, "ಉಗುಳು ಬ್ಯಾಡವ್ವ, ಎದಿಯಾಗಿಂದು ಬೇಕು. ಬಯಲಾಗ ಹೋಗಿ ದಮ್ಮು ಎಳದು ತೆಗಿ, ಅವಸರಿಲ್ಲ," ಎಂದರು. ಮರುದಿನ ಬೆಳಗಿನದೊಂದು ಡಬ್ಬಿಯನ್ನೂ ಕೊಟ್ಟು ಬಂದೆ. ಫಲಿತಾಂಶ ಹೇಳುವಾಗ ಅವರು ಹೊರಗಿನವರಿಗೆ ಕೇಳದಂತೆ ಬಾಗಿಲು ಮುಂದೆ ಮಾಡಿದರು. ಟೀಬೀ ಇತ್ತು. ನಾನು ಅತ್ತೆ. ಅವರು ಹೇಳಿದರು, "ಆರು ತಿಂಗಳ ಗುಳಿಗಿ ಅದ, ಒಂದ್ ದಿನಾನೂ ಬಿಡಬ್ಯಾಡ. ಮೂತ್ರ ಕೆಂಪಗ ಆಗ್ತದ, ರಕ್ತ ಅಂತ ಗಾಬರಿ ಆಗಬ್ಯಾಡ, ಅದು ಗುಳಿಗಿ ಬಣ್ಣ. ಈ ಗುಳಿಗಿ ತಗೊಂಡಾಗ ನನ್ನ ಹೆಂಡತಿ ಗಾಬರಿ ಆಗಿ ಓಣಿಗೆಲ್ಲ ಹೇಳಿದ್ದಳು." ಅಳುತ್ತಲೇ ನಕ್ಕುಬಿಟ್ಟೆ.

ಆಮೇಲೆ ಅವರು ವಹಿಯಲ್ಲಿ ಬರೆದುಕೊಳ್ಳುತ್ತ ಕೇಳಿದರು, "ಮನ್ಯಾಗ ಯಾರ್ ಯಾರು? ಹೊರಗ ಯಾರ ಜೋಡಿ ಕುಂದರ್ತಿ? ಕೆಲಸ ಏನು?"

ಮನೆಯಲ್ಲಿ ಯಜಮಾನರು, ಮಗ ಕಲಬುರಗಿಯ ಹಾಸ್ಟೆಲಿನಲ್ಲಿ ಎಂದೆ. ಕೆಲಸ? ಶರಣಮ್ಮ ಪಕ್ಕದಲ್ಲೇ ನಿಂತಿದ್ದಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಚುಕಿ, "ಮನ್ಯಾಗೇ ಇರ್ತೀನ್ರಿ," ಎಂದೆ. ಖಾಜಾ ಸಾಬ್ ಹಾಗೆಯೇ ಬರೆದುಕೊಂಡರು.

ಇಲ್ಲಿಯವರೆಗೆ ಡಾಕ್ಟರುಗಳನ್ನು ಹೀಯಾಳಿಸಿದೆ. ಇನ್ನು ನನ್ನ ಸರದಿ. ಅದೇ ಸಂಜೆ ನಾನು ಸಂಜೆಯ ಡಾಕ್ಟರ ಕ್ಲಿನಿಕ್ಕಿಗೆ ಹೋದೆ, ಉಗಿಯಲಿಕ್ಕಲ್ಲ. ರಜೆಗೆ ಒಂದು ಪತ್ರ ಬೇಕಿತ್ತು, ಅದರಲ್ಲಿ ಆ ರೋಗದ ಹೆಸರು ಇರಬಾರದಿತ್ತು. ಅವರಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. "ಟೈಫಾಯ್ಡ್ ಅಂತ ಬರ್ದು ಕೊಡ್ತೀನಿ ಮೇಡಂ. ಸಮಾಜದಾಗ ಇರೋರು ನಾವು," ಎಂದರು. ನನಗಿದ್ದ ರೋಗ ಹಿಡಿಯಲು ಎರಡು ತಿಂಗಳು ಸಾಲದವರಿಗೆ ಇಲ್ಲದ ರೋಗ ಬರೆಯಲು ಎರಡು ನಿಮಿಷ ಸಾಕಾಯಿತು. ನಾನು ಕೈಮುಗಿದು ಆ ಕಾಗದ ತೆಗೆದುಕೊಂಡು ಬಂದೆ. ಅವರನ್ನು ಬಯ್ಯುವಾಗಲೆಲ್ಲ ನನಗೆ ಆ ಮುಗಿದ ಕೈ ನೆನಪಾಗುತ್ತದೆ.

ರಜೆಗೆ ಹೋಗುವ ಮೊದಲು ಶರಣಮ್ಮನನ್ನು ಶಾಲೆಯ ಹಿಂದೆ ಕರೆದು, ಯಾರಿಗೂ ಹೇಳಬೇಡ ಎಂದು ಕೇಳಿಕೊಂಡೆ. ಅವಳು ಒಪ್ಪಿದಳು. ಆಮೇಲೆ ಕೇಳಿದಳು, "ನಮ್ ಭಾಗ್ಯಾನ್ನ ಒಮ್ಮಿ ತೋರಸ್ಲೇನ್ರಿ? ನಿಮ್ ಬಾಜೂನ ಕುಂದರ್ತಿದ್ಳು."

"ಆಕಿಗೇನಾಗ್ಯಾದ? ಕೆಮ್ಮಿಲ್ಲ, ಜ್ವರಿಲ್ಲ, ಜಿಗದಾಡ್ಲಿಕತ್ತಾಳ. ಆಕಿಗಿ ಏನೂ ಆಗಂಗಿಲ್ಲ, ತಲಿ ಕೆಡಿಸ್ಕೋಬ್ಯಾಡ," ಎಂದೆ. ಆ ಮಗುವನ್ನು ತೋರಿಸಿದರೆ ಯಾರಿಂದ ಎಂಬ ಪ್ರಶ್ನೆ ಏಳುತ್ತದೆ, ಅದು ನನ್ನ ಬಾಗಿಲಿಗೆ ಬರುತ್ತದೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗುಳಿಗೆ ನುಂಗಿದ ಕೂಡಲೇ ಹೊಟ್ಟೆ ತೊಳಸುತ್ತಿತ್ತು. ಚಿಂಚೋಳಿಯ ತವರಿಗೆ ಹೋಗಿ ಅವ್ವನ ಹತ್ತಿರ ಮಲಗಬೇಕೆಂದು ಜೀವ ಹಂಬಲಿಸಿತು. ತಮ್ಮ ಫೋನಿನಲ್ಲಿ, "ಅಕ್ಕಾ, ಮನ್ಯಾಗ ಸಣ್ಣ ಹುಡುಗ್ರು ಅವ. ಸ್ವಲ್ಪ ದಿನ ತಡಿ," ಎಂದ. ಸಣ್ಣ ಮಕ್ಕಳಿರುವ ಕೋಣೆಯಲ್ಲಿ ನಾಲ್ಕು ತಿಂಗಳು ಕೂತಿದ್ದ ನನಗೆ ಅವನ ಮೇಲೆ ಕೋಪಿಸಿಕೊಳ್ಳುವ ಯೋಗ್ಯತೆ ಇತ್ತೇ? ಆದರೂ ಕೋಪಿಸಿಕೊಂಡೆ. ನಮ್ಮ ಯಜಮಾನರು ಮಾತ್ರ ಮೊದಲ ದಿನವೇ ನನ್ನ ತಾಟಿನಿಂದ ಒಂದು ತುತ್ತು ರೊಟ್ಟಿ, ಪುಂಡಿಪಲ್ಯ ತೆಗೆದು ತಿಂದು, "ಖಾಜಾ ಸಾಬ್‌ಗ ಕೇಳ್ಕೊಂಡು ಬಂದೀನಿ, ತಾಟಿನಿಂದ ರೋಗ ಹತ್ತಂಗಿಲ್ಲಂತ," ಎಂದರು. ಕಿಟಕಿ ತೆರೆದಿಡುವುದನ್ನು ಅವರೇ ನೋಡಿಕೊಂಡರು, ಧೂಳು ಬಂದರೂ ಬರಲಿ ಎಂದು. ನನ್ನ ಕಫದಲ್ಲಿ ರೋಗ ಕಾಣದಂತಾದ ಮೇಲೆಯೇ ಶಾಲೆಗೆ ಮರಳಿದೆ. ಎಲ್ಲರೂ ಟೈಫಾಯ್ಡ್ ಹೇಗಿತ್ತು ಎಂದು ಕೇಳಿದರು, ನಾನು ವಿವರವಾಗಿ ಹೇಳಿದೆ.

ಜುಲೈಯಲ್ಲಿ ಮಕ್ಕಳ ತೂಕ ನೋಡಲು ಶಾಲೆಗೆ ಆರೋಗ್ಯ ತಂಡ ಬಂತು. ಭಾಗ್ಯಳ ತೂಕ ಹಿಂದಿನ ವರ್ಷಕ್ಕಿಂತ ಕಡಿಮೆ ಇತ್ತು. ಕೊರಳ ಪಕ್ಕದಲ್ಲಿ ಹುಣಸೆ ಬೀಜದಷ್ಟು ಗಂಟು. ತಂಡದ ಹೆಣ್ಣುಮಗಳು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ ನಾನು ಹಾಜರಿ ಪುಸ್ತಕ ಹಿಡಿದು ಅಲ್ಲೇ ನಿಂತಿದ್ದೆ. ಹದಿನೈದು ದಿನದಲ್ಲಿ ಪರೀಕ್ಷೆಗಳು ಮುಗಿದು ಅವಳಿಗೂ ಗುಳಿಗೆ ಶುರುವಾಯಿತು. ಮಕ್ಕಳ ಗುಳಿಗೆ ಬೇರೆ, ನೀರಿನಲ್ಲಿ ಕರಗಿಸಿ ಕುಡಿಸುವಂಥದ್ದು.

ಹಳ್ಳಿಯಲ್ಲಿ ಸುದ್ದಿ ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ಪಾಲಕರ ಸಭೆ ಕರೆದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದುನಿಂತ. "ಶರಣಮ್ಮನ ಮನಿತುಂಬ ಟೀಬೀ ಅದ. ಮೊದಲ ಗಂಡಗ ಆಯ್ತು, ಈಗ ಮಗಳಿಗಿ. ಆಕಿ ಕೈಯಾಗಿನ ಅನ್ನ ನಮ್ ಹುಡುಗ್ರು ಉಣಬೇಕೇನ್ರಿ? ಬ್ಯಾರೆಯಾಕಿನ್ನ ಇಡ್ರಿ."

ನಾಲ್ಕೈದು ಜನ ಹೌದು ಹೌದು ಎಂದರು. ಮುಖ್ಯಗುರುಗಳು ನೆಲ ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ಶರಣಮ್ಮ, "ನಮ್ಮವರಿಂದೇ ಬಂದಿರಬೇಕ್ರಿ ಆಕಿಗಿ," ಎಂದಳು. ಅವಳ ಗಂಡ ಗುಣವಾಗಿ ಎರಡು ವರ್ಷದ ಮೇಲಾಗಿತ್ತು. ಆಗ ಮಗಳನ್ನೂ ಪರೀಕ್ಷಿಸಿ ಏನೂ ಇಲ್ಲ ಎಂದಿದ್ದರು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಅವಳು ನನ್ನ ಕಡೆ ನೋಡಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲು ತನ್ನ ಕೆಲಸವನ್ನೇ ಕಳೆದುಕೊಳ್ಳಲು ನಿಂತಿದ್ದಳು.

ನಾನು ಧೈರ್ಯವಂತೆ ಅಲ್ಲ. ಆ ಹೊತ್ತಿನಲ್ಲೂ ಒಂದು ಮನಸ್ಸು, ಬಾಯಿ ಮುಚ್ಚಿಕೊಂಡಿರು, ಇದು ದಾಟಿಹೋಗುತ್ತದೆ ಎನ್ನುತ್ತಿತ್ತು. ಆದರೂ ಎದ್ದುನಿಂತೆ.

"ಶರಣಮ್ಮನ ಮನಿಯಿಂದಲ್ಲ," ಎಂದೆ. "ನನ್ನಿಂದ ಬಂದದ. ನನಗ ಟೀಬೀ ಆಗಿತ್ತು. ಟೈಫಾಯ್ಡ್ ಅಂದದ್ದು ಸುಳ್ಳು. ನಾ ಕೆಮ್ಮಕೋತ ನಿಮ್ ಮಕ್ಕಳ ನಡುವ ಕುಂತಿದ್ದೆ, ಗೊತ್ತಾದ ಮ್ಯಾಲ ಮುಚ್ಚಿಟ್ಟೆ."

ಸಭೆ ಒಟ್ಟಿಗೆ ಕೂಗತೊಡಗಿತು. ಅವರು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಒಂದೂ ಸುಳ್ಳಾಗಿರಲಿಲ್ಲ. ಇಬ್ಬರು ಮಕ್ಕಳನ್ನು ಶಾಲೆ ಬಿಡಿಸಿದರು. ಮೇಲಿನವರಿಗೆ ದೂರು ಹೋಯಿತು, ಸುಳ್ಳು ಪತ್ರ ಕೊಟ್ಟದ್ದಕ್ಕೆ ನನಗೆ ನೋಟೀಸು ಬಂತು. ಪತ್ರ ಬರೆದವರಿಗೆ ಏನೂ ಬರಲಿಲ್ಲ. ಅವರು ಈಗಲೂ ಸಂಜೆ ಎದ್ದುನಿಂತು ನಮಸ್ಕಾರ ಮಾಡುತ್ತಾರೆ, ಹೊರಗೆ ಕುರ್ಚಿ ಸಾಲದೆ ಜನ ನಿಂತಿರುತ್ತಾರೆ. ಆದರೆ ಮರುವಾರವೇ ಖಾಜಾ ಸಾಬ್ ಮತ್ತು ತಂಡದವರು ಬಂದು ನನ್ನ ಕೋಣೆಯ ಒಂದೊಂದು ಮಗುವನ್ನೂ ನೋಡಿದರು. ಬೇರೆ ಯಾರಲ್ಲೂ ರೋಗ ಇರಲಿಲ್ಲ. ಶರಣಮ್ಮ ಅಡುಗೆಕೋಣೆಯಲ್ಲೇ ಉಳಿದಳು.

ಅವಳು ಆ ಸಭೆಯ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ದಿನಾ ಬೆಳಿಗ್ಗೆ ಭಾಗ್ಯ ಶಾಲೆಗೆ ಬಂದ ಕೂಡಲೇ ನನ್ನ ಮೇಜಿನ ಹತ್ತಿರ ನಿಂತು, ಲೋಟದಲ್ಲಿ ಕರಗಿಸಿದ್ದನ್ನು ಮುಖ ಕಿವುಚಿ ಕುಡಿಯುತ್ತಿದ್ದಳು. ಶರಣಮ್ಮ ಬಾಗಿಲಲ್ಲಿ ನಿಂತು, ಲೋಟ ಖಾಲಿಯಾದದ್ದನ್ನು ನೋಡಿಕೊಂಡು ಹೋಗುತ್ತಿದ್ದಳು. ಗಂಟು ಕರಗಿತು. ಹುಡುಗಿ ಮೈ ತುಂಬಿಕೊಂಡಳು.

ಕೊನೆಯ ಗುಳಿಗೆ ಮುಗಿದ ವಾರ ಮೂವರೂ ಕೂಡಿ ದವಾಖಾನೆಗೆ ಹೋದೆವು. ಭಾಗ್ಯ ತೂಕದ ಯಂತ್ರದ ಮೇಲೆ ನಿಂತಿದ್ದಳು. ನಾನೂ ಶರಣಮ್ಮನೂ ಹೊರಗೆ ಕಲ್ಲಿನ ಕಟ್ಟೆಯ ಮೇಲೆ ಕೂತೆವು. ಇನ್ನು ಕ್ಷಮೆ ಕೇಳಬಹುದು ಎಂದು ನನಗನಿಸಿತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು, ದನಿ ಏರಿಸದೆ, ಎದುರಿನ ಸಾಲು ನೋಡುತ್ತ.

"ಆ ಡಾಕ್ಟ್ರು ನಿಮಗ ಬರಂಗಿಲ್ಲಂದ್ರು, ಓದಿದವರು ಅಂತ ನೀವ್ ನಂಬಿದ್ರಿ. ನೀವು ಭಾಗ್ಯಾಗ ಏನೂ ಆಗಂಗಿಲ್ಲಂದ್ರಿ, ಓದಿದವರು ಅಂತ ನಾ ನಂಬಿದೆ. ಆಕಿ ಸೊರಗೋದು ನನ್ ಕಣ್ಣಿಗಿ ಕಾಣಸ್ಲಿಕತ್ತಿತ್ತು ಟೀಚರ್ರೀ. ನಿಮ್ಮನ್ನ ಕೈ ಹಿಡದು ಎಳಕೊಂಡು ಬಂದೆ. ನನ್ ಮಗಳನ್ನ ತರಲಿಲ್ಲ."

ಒಳಗಿನಿಂದ ಭಾಗ್ಯ ತನ್ನ ತೂಕ ಎಷ್ಟೆಂದು ಕೂಗಿ ಹೇಳಿದಳು. ಶರಣಮ್ಮ ಎದ್ದು ಒಳಗೆ ಹೋದಳು. ಕೇಳಬೇಕೆಂದಿದ್ದ ಕ್ಷಮೆ ನನ್ನ ಬಾಯಲ್ಲೇ ಉಳಿಯಿತು, ಇವತ್ತಿಗೂ ಕೇಳಿಲ್ಲ.